ಎಡಗಡೆಯ ಎರಡನೇ ವಿಂಗು

ಬೆಳಕು ಬೀಳದ ಜಾಗ ಅದು. ರಂಗದ ಎಡಗಡೆ, ಎರಡನೇ ವಿಂಗಿನ ಮರೆಯಲ್ಲಿ ಬೋರಲು ಹಾಕಿದ ಸೀಮೆಎಣ್ಣೆ ಡಬ್ಬಿ. ಅದರ ಮೇಲೆ ಪ್ರಾಂಪ್ಟರ್ ಕೂರುತ್ತಿದ್ದರು, ಪಕ್ಕದಲ್ಲಿ ನೆಲದ ಮೇಲೆ ನಾನು. ಅವರ ಕಣ್ಣಿಗೆ ಪೊರೆ ಬಂದಿತ್ತು. ಹತ್ತು ಹನ್ನೆರಡು ನಾಟಕಗಳ ಮಾತು ಬಾಯಿಪಾಠವಿದ್ದರೂ ನೋಟ್‌ಬುಕ್ ತೊಡೆಯ ಮೇಲೆ ತೆರೆದಿರಬೇಕು, ಅದರ ಮೇಲೆ ಬ್ಯಾಟರಿ ಬೆಳಕು ಬೀಳುತ್ತಿರಬೇಕು. ಬ್ಯಾಟರಿಯ ಗಾಜಿಗೆ ನೀಲಿ ಕಾಗದ ಸುತ್ತಿ ಹಿಡಿಯುವುದು ನನ್ನ ಕೆಲಸ. 1977ರಿಂದ ಮೂರು ವರ್ಷ ಅದನ್ನೇ ಮಾಡಿದೆ. ದಿನಕ್ಕೆ ಎರಡು ಊಟ, ಒಂದೂವರೆ ರೂಪಾಯಿ. ಊಟ ತಪ್ಪಲಿಲ್ಲ. ರೂಪಾಯಿ ಕೈಗೆ ಬಂದದ್ದು ಅಪರೂಪ.

ಕಂಪನಿ ಸೇರಿದ್ದು ಕಲೆಯ ಹುಚ್ಚಿನಿಂದಲ್ಲ. ಏಳನೇ ಇಯತ್ತೆಯಲ್ಲಿ ನಪಾಸಾಗಿದ್ದೆ, ಸೋದರಮಾವ ಅಲ್ಲಿ ಪೇಟಿ ಮಾಸ್ತರನಾಗಿದ್ದ. ಮಾವ ಗದಗಿನವನು, ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವನು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ನಡೆಸಿದ ಆ ಆಶ್ರಮ ಗವಾಯಿಗಳನ್ನಷ್ಟೇ ತಯಾರು ಮಾಡಲಿಲ್ಲ. ನಮ್ಮ ಕಡೆಯ ಕಂಪನಿಗಳಿಗೆ ಪೇಟಿಯವರನ್ನೂ ತಬಲಾದವರನ್ನೂ ಕೊಟ್ಟಿತು. ತಾನೇ ಒಂದು ನಾಟಕ ಕಂಪನಿ ಕಟ್ಟಿ ಅಂಧ ಮಕ್ಕಳ ಅನ್ನದ ಖರ್ಚನ್ನೂ ನಿಭಾಯಿಸಿತು. ಮಲ್ಲಿಕಾರ್ಜುನ ಮನಸೂರರು ಹುಡುಗನಾಗಿದ್ದಾಗ ವಾಮನರಾವ ಮಾಸ್ತರರ ಕಂಪನಿಯಲ್ಲಿ ಬಣ್ಣ ಹಚ್ಚಿದ್ದರು ಎಂಬುದನ್ನು ಸಂಗೀತದ ಸಭೆಗಳಲ್ಲಿ ಈಗಲೂ ಹೇಳುತ್ತಾರೆ. ಆ ಹುಡುಗನ ಹಾಡಿಗೆ ಪೇಟಿ ತುಳಿದವರು ಯಾರು ಎಂದು ಕೇಳಿದವರನ್ನು ನಾನು ಕಂಡಿಲ್ಲ.

ತುಳಿಯುವುದೆಂದರೆ ತುಳಿಯುವುದೇ. ಕಾಲುಪೇಟಿ ಅದು, ಹೊಲಿಗೆ ಯಂತ್ರದ ಹಾಗೆ ಕೆಳಗೆ ಎರಡು ಪಾದಹಲಗೆ. ಮಾವ ರಂಗದ ಮುಂದಿನ ತಗ್ಗಿನಲ್ಲಿ ಕುಳಿತು ರಾತ್ರಿ ಹತ್ತರಿಂದ ಬೆಳಗಿನ ಮೂರರವರೆಗೆ ತುಳಿಯುತ್ತಿದ್ದ. ನಾಯಕನ ಪಾರ್ಟಿನವನು ಕರಿ ಒಂದಕ್ಕೆ ಹಾಡಿದರೆ ನಾಯಕಿ ಬಿಳಿ ನಾಲ್ಕಕ್ಕೆ. ಇಬ್ಬರಿಗೂ ಒಂದೇ ಹಾಡು ಇದ್ದ ದಿನ ಮಾವನ ಬೆರಳುಗಳ ಪಾಡು ಹೇಳತೀರದು. ನಿಜವಾದ ಕಸುಬು ಇದ್ದದ್ದು ಕಾಯುವುದರಲ್ಲಿ. ಹಾಡಿನ ನಡುವೆ ನಟ ಮಾತಿಗೆ ಇಳಿಯುತ್ತಾನೆ, ಮಾತಿನಿಂದ ಮತ್ತೆ ಹಾಡಿಗೆ ಯಾವಾಗ ಏರುತ್ತಾನೋ ಅವನಿಗೇ ಗೊತ್ತಿಲ್ಲ. ಅಲ್ಲಿಯತನಕ ಷಡ್ಜ ಹಿಡಿದು ಸಣ್ಣಗೆ ಗಾಳಿ ಆಡಿಸುತ್ತ ಕೂರಬೇಕು. ಉಸಿರು ಎಳೆದುಕೊಳ್ಳುವಾಗ ನಟನ ಭುಜ ಏಳುವುದನ್ನು ನೋಡಿ ಮಾವ ಪಲ್ಲವಿ ಎತ್ತುತ್ತಿದ್ದ. ಭುಜ ಕಾಣದ ಹಾಗೆ ಶಾಲು ಹೊದಿಸಿದ್ದಕ್ಕೆ ಒಮ್ಮೆ ಡ್ರೆಸ್ಸಿನವನ ಜೊತೆ ಹೊಡೆದಾಡಿದ್ದ.

ಡ್ರೆಸ್ಸಿನವನು, ಮೇಕಪ್ಪಿನವನು, ಗೇಟಿನವರು, ಹ್ಯಾಂಡ್‌ಬಿಲ್ ಹಂಚುವವರು, ಅಡುಗೆಯವರು, ತಗಡಿನ ಥಿಯೇಟರ್ ಕಟ್ಟುವ ಬಿಚ್ಚುವ ಆಳುಗಳು ಎಲ್ಲ ಸೇರಿ ನಲವತ್ತಕ್ಕೂ ಹೆಚ್ಚು ಜನ. ರಂಗದ ಮೇಲೆ ಬರುತ್ತಿದ್ದವರು ಹದಿನೈದು. ಇಷ್ಟು ಜನ ಯಾಕೆ ಬೇಕಾಗಿತ್ತು ಎನ್ನುವುದಕ್ಕೆ ಉತ್ತರ ಪರದೆಗಳಲ್ಲಿದೆ.

ರಸ್ತೆ, ಕಾಡು, ಅರಮನೆ, ತೋಟ, ಜೈಲು. ಇವಿಷ್ಟು ಪರದೆ ಇಲ್ಲದ ಕಂಪನಿ ಕಂಪನಿಯೇ ಅಲ್ಲ. ಮಳೆಗಾಲದಲ್ಲಿ ಪೇಂಟರ್ ಬಂದು ಎರಡು ತಿಂಗಳು ನಿಲ್ಲುತ್ತಿದ್ದ. ಅಗಲ ಸಾಲದ ಬಟ್ಟೆಗಳನ್ನು ಕೂಡಿಸಿ ಹೊಲಿದು, ಹುಣಸೆಬೀಜದ ಗಂಜಿ ಬಳಿದು ಒಣಗಿಸಿ, ಪುಡಿಬಣ್ಣ ಕಲಸಿ, ಬಟ್ಟೆಯನ್ನು ನೆಲಕ್ಕೆ ಹಾಸಿ ಅದರ ಮೇಲೆಯೇ ಓಡಾಡುತ್ತ ಬರೆಯುತ್ತಿದ್ದ. ಅವನು ಮೈಸೂರಿನ ಅರಮನೆಯನ್ನು ಕಣ್ಣಿಂದ ನೋಡಿರಲಿಲ್ಲ, ಕ್ಯಾಲೆಂಡರಿನಲ್ಲಿ ನೋಡಿದ್ದ. ಅವನ ದರ್ಬಾರಿನ ಕಂಬಗಳು ಎಲ್ಲಿಂದ ನೋಡಿದರೂ ಬಾಗಿದಂತೆ ಕಾಣುತ್ತಿದ್ದವು. ಜನ ಮಾತ್ರ ಪರದೆ ಬಿಚ್ಚಿಕೊಂಡೊಡನೆ ಚಪ್ಪಾಳೆ ಹೊಡೆಯುತ್ತಿದ್ದರು, ಒಂದು ಮಾತೂ ಆಡುವ ಮುಂಚೆ.

ದರ್ಬಾರು ಸಜ್ಜಾಗಲು ಹೊತ್ತು ಹಿಡಿಯುತ್ತದೆ. ಸಿಂಹಾಸನ ತರಬೇಕು, ಮೆಟ್ಟಿಲು ಜೋಡಿಸಬೇಕು, ಕಮಾನು ನಿಲ್ಲಿಸಬೇಕು. ಅದಕ್ಕೇ ಮುಂದೆ ರಸ್ತೆಯ ಪರದೆ ಇಳಿಸಿ, ಅದರ ಮುಂದಿನ ನಾಲ್ಕು ಅಡಿ ಜಾಗಕ್ಕೆ ಹಾಸ್ಯದವನನ್ನು ಬಿಡುತ್ತಿದ್ದರು. ಹಿಂದೆ ಸುತ್ತಿಗೆ ಸಪ್ಪಳವಾದರೆ ಅವನು ದನಿ ಏರಿಸಬೇಕು. ಕೆಲಸ ಮುಗಿದಾಗ ಸೀನಿನವನು ಪರದೆಯನ್ನು ಹಿಂದಿನಿಂದ ಎರಡು ಸಲ ಗುದ್ದುತ್ತಿದ್ದ. ಅಷ್ಟಾದರೆ ಹಾಸ್ಯದವನು ಅರ್ಧಕ್ಕೆ ಬಿಟ್ಟು ಓಡುತ್ತಿದ್ದ. ಕಂಪನಿ ನಾಟಕದ ಹಾಸ್ಯದ ಬಗ್ಗೆ ಪಂಡಿತರು ಬರೆದದ್ದನ್ನು ಆಮೇಲೆ ಓದಿದೆ. ನವರಸ, ವಿದೂಷಕ ಪರಂಪರೆ ಎಂದೆಲ್ಲ ಇದೆ. ಇರಬಹುದು. ನಾನು ಕಂಡ ಮಟ್ಟಿಗೆ ಅದರ ಉದ್ದವನ್ನು ಅಳೆದುಕೊಟ್ಟವನು ಬಡಿಗ.

ಬೆಳಕಿನವನ ಕಥೆಯೂ ಅಂಥದೇ. ಅವನ ಹತ್ತಿರ ಇದ್ದದ್ದು ಉಪ್ಪುನೀರಿನ ಡಿಮ್ಮರು. ಸಿಮೆಂಟಿನ ಪೈಪಿಗೆ ತಳ ಕಟ್ಟಿ, ಉಪ್ಪುನೀರು ತುಂಬಿ, ಕೆಳಗೊಂದು ತಗಡು, ಮೇಲಿಂದ ಹಗ್ಗಕ್ಕೆ ಕಟ್ಟಿದ ಇನ್ನೊಂದು ತಗಡು. ಇಳಿಬಿಟ್ಟರೆ ದೀಪ ಏರುತ್ತದೆ, ಎತ್ತಿದರೆ ಮಂಕಾಗುತ್ತದೆ. ನಾಟಕ ನಡೆದಂತೆ ನೀರು ಕಾಯುತ್ತದೆ, ಕಾದ ನೀರಿನಲ್ಲಿ ಕರೆಂಟು ಜೋರಾಗಿ ಹರಿಯುತ್ತದೆ. ಹಾಗಾಗಿ ಕೊನೆಯ ಅಂಕದ ಸಾವಿನ ದೃಶ್ಯ ನಮ್ಮಲ್ಲಿ ಎಂದೂ ಮಬ್ಬು ಬೆಳಕಿನಲ್ಲಿ ನಡೆಯಲಿಲ್ಲ. ತಾಯಿ ಪಾರ್ಟಿನವಳು ಝಗಝಗಿಸುವ ಬೆಳಕಿನಲ್ಲಿ, ಎಡಗಡೆಯಿಂದ ಬರುವ ಉಗಿಯ ನಡುವೆ ಪ್ರಾಣ ಬಿಡುತ್ತಿದ್ದಳು. ಅಡುಗೆಯವನಂತೂ ಹರಳುಪ್ಪಿನ ಚೀಲವನ್ನು ತಲೆದಿಂಬು ಮಾಡಿಕೊಂಡೇ ಮಲಗುತ್ತಿದ್ದ. ಬರಿಗೈಯಲ್ಲಿ ಹಗ್ಗ ಜಗ್ಗುತ್ತಿದ್ದ ಬೆಳಕಿನವನಿಗೆ ತಿಂಗಳಿಗೊಮ್ಮೆಯಾದರೂ ಶಾಕ್ ಹೊಡೆಯುತ್ತಿತ್ತು. ಇದನ್ನು ಸಾಹಸ ಎಂದು ನೆನೆಯುವವರಿದ್ದಾರೆ. ಅವರಾರೂ ಆ ಹಗ್ಗ ಹಿಡಿದವರಲ್ಲ.

ಗುಬ್ಬಿ ಕಂಪನಿಯ 1934ರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆಗಳನ್ನು ರಂಗಕ್ಕೆ ತಂದಿದ್ದರು. ನಮ್ಮ ಪ್ರಾಂಪ್ಟರ್ ಆ ಮಾತನ್ನು ವಾರಕ್ಕೊಮ್ಮೆ ಎತ್ತುತ್ತಿದ್ದರು. ಮಾವ ಒಂದು ದಿನ ಸಿಟ್ಟಿಗೆದ್ದು ಕೇಳಿದ: “ಆನಿಗೆ ದಿನಾ ಮೇವು ಹಾಕಿದ್ರೋ, ಇಲ್ಲಾ ಕ್ಯಾಂಪ್ ಮುಗದಮ್ಯಾಲೆ ಲೆಕ್ಕಾ ಮಾಡೋಣು ಅಂದ್ರೋ?” ನಕ್ಕವರೆಲ್ಲ ಮುಂಗಡ ತೆಗೆದುಕೊಂಡು ಸಿಕ್ಕಿಕೊಂಡವರು. ಮುಂಗಡ ತೀರದೆ ಕಂಪನಿ ಬಿಡುವಂತಿಲ್ಲ, ಸಂಬಳ ಬಾರದೆ ಮುಂಗಡ ತೀರುವಂತಿಲ್ಲ. ಆ ನಲವತ್ತು ಜನರನ್ನು ಒಟ್ಟಿಗೆ ಹಿಡಿದಿಟ್ಟದ್ದು ಸಾಲ. ಮಳೆಗಾಲದ ಒಂದು ಕ್ಯಾಂಪಿನಲ್ಲಿ ಹತ್ತೊಂಬತ್ತು ದಿನ ಕಲೆಕ್ಷನ್ ಇಲ್ಲದಾಗ ನಾನು ಬೆಳಗಿನ ಬಸ್ಸು ಹತ್ತಿ ಮನೆಗೆ ಬಂದೆ. ನನ್ನ ಮೇಲೆ ಮುಂಗಡ ಇರಲಿಲ್ಲ, ಅದಕ್ಕೇ ಬರಲಾಯಿತು. ಮಾವನಿಗೆ ಇನ್ನೂ ಆರು ವರ್ಷ ಹಿಡಿಯಿತು.

ಈಚೆಗೆ ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿ ಬನಶಂಕರಿ ಜಾತ್ರೆಗೆ ಹೋದೆ. ಥಿಯೇಟರುಗಳು ಅಂದಿನ ಹಾಗೆಯೇ ಒಂದರ ಪಕ್ಕ ಒಂದು. ಒಂದರ ಮೈಕು ಇನ್ನೊಂದರ ಮಾತನ್ನು ನುಂಗುತ್ತದೆ. ಕಂಪನಿ ನಾಟಕ ಸತ್ತಿದೆ ಎಂದು ಬೆಂಗಳೂರಿನಲ್ಲಿ ಭಾಷಣ ಮಾಡುವವರು ಆ ಜಾತ್ರೆಯಲ್ಲಿ ಒಂದು ರಾತ್ರಿ ನಿದ್ದೆ ಮಾಡಿ ತೋರಿಸಲಿ.

ಗುರುತಿನವರೊಬ್ಬರು ಒಳಗೆ ಬಿಟ್ಟರು. ಎಡಗಡೆಯ ಎರಡನೇ ವಿಂಗಿನ ಹಿಂದೆ ಈಗ ನೀರಿನ ಕ್ಯಾನುಗಳಿವೆ. ಪ್ರಾಂಪ್ಟರ್ ಇಲ್ಲ, ಬೇಕಾಗಿಯೂ ಇಲ್ಲ. ನಾವು ಜನ ಕಡಿಮೆಯಾದಂತೆ ನಾಟಕ ಬದಲಿಸುತ್ತಿದ್ದೆವು, ಈಗ ಒಂದೇ ನಾಟಕವನ್ನು ಜಾತ್ರೆಯುದ್ದಕ್ಕೂ ದಿನಕ್ಕೆರಡು ಮೂರು ಸಲ ಆಡುತ್ತಾರೆ. ಮಾತು ಮರೆಯಬೇಕೆಂದರೂ ಮರೆಯದು. ಪರದೆ ಎರಡೇ, ಎರಡೂ ಫ್ಲೆಕ್ಸ್. ಕಂಬಗಳು ನೆಟ್ಟಗಿವೆ. ಬೆಳಕು ಎಲ್‌ಇಡಿ, ಯಾರಿಗೂ ಶಾಕ್ ಹೊಡೆಯುವುದಿಲ್ಲ. ಮುಂದೆ ಕೀಬೋರ್ಡಿನವನೊಬ್ಬ, ಪ್ಯಾಡಿನವನೊಬ್ಬ. ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಶ್ರುತಿ ತಾನೇ ಏರುತ್ತದೆ, ಬೆರಳು ಇದ್ದಲ್ಲೇ ಇದ್ದರಾಯಿತು. ಮಾವನಿಗೆ ಅದನ್ನು ತೋರಿಸಿದ್ದರೆ ಕಾಲುಪೇಟಿಯನ್ನು ಅಂದೇ ಒಲೆಗೆ ಹಾಕುತ್ತಿದ್ದ. ಅದರಲ್ಲಿ ನನಗೆ ಸಂಶಯವಿಲ್ಲ.

ಹಾಡು ಮಾತ್ರ ಪೆನ್‌ಡ್ರೈವಿನಿಂದ ಬರುತ್ತದೆ. ಅಂದು ನಾಯಕಿಯ ಸೆರಗು ಮೊಳೆಗೆ ಸಿಕ್ಕಿ ಅವಳು ಬಿಡಿಸಿಕೊಳ್ಳುತ್ತ ನಿಂತಳು. ಹಾಡು ಶುರುವಾಗಿಯೇಬಿಟ್ಟಿತು. ಅವಳು ಬಾಯಿ ಆಡಿಸಲು ಬರುವಷ್ಟರಲ್ಲಿ ಮೊದಲ ಚರಣ ಮುಗಿದಿತ್ತು. ಜನ ಸಿಳ್ಳೆ ಹೊಡೆದರು, ಅವಳೂ ನಕ್ಕಳು, ಆಟ ಮುಂದುವರಿಯಿತು.

ನನ್ನನ್ನು ಚಕಿತಗೊಳಿಸಿದ್ದು ಹಾಸ್ಯ. ಸಿಂಹಾಸನವಿಲ್ಲ, ಕಮಾನಿಲ್ಲ, ಹಿಂದೆ ಜೋಡಿಸುವುದಕ್ಕೆ ಏನೂ ಇಲ್ಲ, ಗುದ್ದುವವನೂ ಇಲ್ಲ. ಹಾಸ್ಯದವನು ಬಂದವನು ಮುಕ್ಕಾಲು ಗಂಟೆ ಹೋಗಲಿಲ್ಲ. ಕಥೆ ಅವನ ಎರಡು ಪ್ರವೇಶಗಳ ನಡುವೆ ತಲೆ ಹಾಕಿ ಹೋಗುವ ನೆಂಟನಂತಾಗಿದೆ. ಡಬಲ್ ಮೀನಿಂಗ್ ಬಗ್ಗೆ ದೂರುವವರು ದೂರಲಿ, ಅದು ನಮ್ಮ ಕಾಲದಲ್ಲೂ ಇತ್ತು. ಆಗ ಅದನ್ನು ನಿಲ್ಲಿಸುವವನೊಬ್ಬ ಸುತ್ತಿಗೆ ಹಿಡಿದು ಹಿಂದೆ ನಿಂತಿರುತ್ತಿದ್ದ.

ಆಟ ಬಿಟ್ಟ ಮೇಲೆ ಮಿಕ್ಸರಿನ ಹಿಂದಿದ್ದ ಹುಡುಗನ ಹತ್ತಿರ ಹೋದೆ. ಧ್ವನಿ, ಬೆಳಕು, ಹಾಡು ಮೂರೂ ಅವನವೇ. ಹೊರಗಿನ ದೊಡ್ಡ ಫ್ಲೆಕ್ಸಿನ ಕೆಳತುದಿಯಲ್ಲಿ ಅವನ ಹೆಸರಿತ್ತು, ಫೋಟೋ ಸಮೇತ. ನನ್ನ ಮೂರು ವರ್ಷಗಳಲ್ಲಿ ಮಾವನ ಹೆಸರು ಒಂದು ಹ್ಯಾಂಡ್‌ಬಿಲ್ಲಿನಲ್ಲೂ ಬಂದಿರಲಿಲ್ಲ. ಕಂಪನಿಯವರು ಒಳ್ಳೆಯ ಪದ್ಧತಿ ಶುರುಮಾಡಿದ್ದಾರೆ ಎಂದೆ.

“ಕಂಪನಿಯವ್ರು ಎಲ್ಲಿ ಹಾಕ್ತಾರ್ರಿ ಕಾಕಾ,” ಎಂದು ನಕ್ಕ. “ಸೆಟ್ ನಂದು. ಬಾಡಿಗಿಗೆ ಕೊಟ್ಟೇನಿ. ಹೆಸರ ಹಾಕಿದ್ರ ಬಾಡಿಗ್ಯಾಗ ಸ್ವಲ್ಪ ಕಡಿಮಿ ಮಾಡ್ತೀನಂದೆ, ಹಾಕಿದ್ರು.” ವಾಯರು ಸುತ್ತುತ್ತಲೇ ಜೇಬಿನಿಂದ ಒಂದು ಕಾರ್ಡು ತೆಗೆದು ಕೊಟ್ಟ. “ಮದುವಿ, ಗಣಪತಿ, ನಾಟಕ, ಎಲ್ಲಾ ಮಾಡ್ತೇವ್ರಿ. ಅಡ್ವಾನ್ಸ್ ಅರ್ಧ ಮೊದಲ ಕೊಡಬೇಕು, ನೋಡ್ರಿ.”