ಪಾಸ್‌ವರ್ಡ್ ಮರೆತಿದ್ದೀರಾ?

ಕಳೆದ ತಿಂಗಳು ಸ್ಕಾಲರ್‌ಶಿಪ್ ಅರ್ಜಿ ತುಂಬಲು ಕುಳಿತಾಗ ಇಮೇಲ್ ವಿಳಾಸ ಕೇಳಿತು. ಹಳೆಯದೊಂದು ಇದೆಯಲ್ಲ, ಅದನ್ನೇ ಹಾಕೋಣ ಎಂದುಕೊಂಡೆ. ಪಾಸ್‌ವರ್ಡ್ ಒತ್ತಿದೆ. ತಪ್ಪು. ಕೊನೆಗೆ 123 ಸೇರಿಸಿದೆ. ತಪ್ಪು. ಆರನೇ ಸಲಕ್ಕೆ, ಹಲವು ಬಾರಿ ಪ್ರಯತ್ನಿಸಿದ್ದೀರಿ, ಸ್ವಲ್ಪ ಸಮಯ ಬಿಟ್ಟು ಬನ್ನಿ ಎಂದು ಬಾಗಿಲು ಹಾಕಿಕೊಂಡಿತು.

ಆ ಖಾತೆ 2020ರ ಲಾಕ್‌ಡೌನ್ ಕಾಲದ್ದು. ನಾನಾಗ ಏಳನೇ ತರಗತಿ. ಆನ್‌ಲೈನ್ ಕ್ಲಾಸಿಗೆಂದು ದೊಡ್ಡಮ್ಮನ ಮಗ ಉಪ್ಪನ ಫೋನಿನಲ್ಲಿ ತೆರೆದುಕೊಟ್ಟಿದ್ದ. ನನಗೆ 13 ತುಂಬಿರಲಿಲ್ಲವಾದ್ದರಿಂದ ಹುಟ್ಟಿದ ದಿನವನ್ನೂ ಅವನೇ ಏನೋ ಒಂದು ಹಾಕಿದ್ದ. ಈಗ ಖಾತೆ ನನ್ನ ಹುಟ್ಟಿದ ದಿನ ಕೇಳುತ್ತಿದೆ, ಉತ್ತರ ನನಗೇ ಗೊತ್ತಿಲ್ಲ! ಅವನನ್ನು ಕೇಳಿದರೆ, "ನೀನು ಹುಟ್ಟಿದ್ದು ಯಾವಾಗ ಅಂತ ನನ್ನನ್ನು ಕೇಳ್ತೀಯಲ್ಲ" ಎಂದು ನಗುತ್ತಾನೆ.

ಅರ್ಜಿಗೇನೂ ತೊಂದರೆಯಾಗಲಿಲ್ಲ. ಐದು ನಿಮಿಷದಲ್ಲಿ ಹೊಸ ಇಮೇಲ್ ಮಾಡಿ ಕಳುಹಿಸಿದೆ. ಆದರೆ ಹಳೆಯದನ್ನು ಬಿಡಲು ಮನಸ್ಸಾಗಲಿಲ್ಲ. ಅದರೊಳಗೆ ಅಜ್ಜಿಯ ಧ್ವನಿಯಿತ್ತು.

ಮನೆಯ ಹಿರಿಯರೊಬ್ಬರನ್ನು ಸಂದರ್ಶನ ಮಾಡಿ ಎಂದು ಆಗ ಕನ್ನಡ ಟೀಚರ್ ಹೇಳಿದ್ದರು. ಅಜ್ಜಿ ಬೀಡಿ ಕಟ್ಟುತ್ತಾ ಹನ್ನೊಂದು ನಿಮಿಷ ಮಾತಾಡಿದ್ದರು. ಮಳೆಗಾಲದಲ್ಲಿ ಬೀಡಿ ಒದ್ದೆಯಾಗದಂತೆ ಸುತ್ತಿಕೊಂಡು ಬ್ರಾಂಚಿಗೆ ನಡೆದದ್ದು, ಸರಿಯಿಲ್ಲ ಎಂದು ಅಲ್ಲಿ ಬೀಡಿ ತೆಗೆದು ಎಸೆಯುತ್ತಿದ್ದದ್ದು, ಆ ದುಡ್ಡಿನಲ್ಲೇ ಉಪ್ಪನನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿದ್ದು. ಮಾತಿನ ನಡುವೆ ಎಲೆ ಕತ್ತರಿಸುವ ಸದ್ದು. ಫೋನಿನಲ್ಲಿ ಜಾಗವಿಲ್ಲವೆಂದು ಅದನ್ನು ಇಮೇಲ್ ಖಾತೆಗೆ ಹಾಕಿ, ಫೋನಿನಿಂದ ಅಳಿಸಿದ್ದೆ. 2022ರಲ್ಲಿ ಅಜ್ಜಿ ತೀರಿಕೊಂಡರು.

ಹಾಗಾಗಿ ದಿನವೂ ಪ್ರಯತ್ನಿಸಿದೆ. ಪ್ರತಿ ಸಲವೂ ಕಾಯಬೇಕಾದ ಸಮಯ ಹೆಚ್ಚುತ್ತಾ ಹೋಯಿತು. ಕಂಪ್ಯೂಟರ್ ಸೈನ್ಸ್ ಮೇಡಂ ಹತ್ತಿರ ಗೋಳು ಹೇಳಿಕೊಂಡಾಗ ಅವರೆಂದರು, "ಮರೆತವರೂ ಕಳ್ಳರೂ ಮಾಡೋದು ಒಂದೇ ಕೆಲಸ ಅಲ್ವಾ, ಊಹೆ. ಅದಕ್ಕೆ ನೀನು ಯಾರು ಅಂತ ಹೇಗೆ ಗೊತ್ತಾಗ್ಬೇಕು?"

ಉಳಿದದ್ದು ಓಟಿಪಿ ದಾರಿ. ಅದು ಹೋಗುತ್ತಿದ್ದದ್ದು ಉಪ್ಪನ ಹಳೆಯ ನಂಬರಿಗೆ. ಉಪ್ಪ ಸೌದಿಗೆ ಹೋದ ಮೇಲೆ ಅದಕ್ಕೆ ಯಾರೂ ರೀಚಾರ್ಜ್ ಮಾಡಿರಲಿಲ್ಲ. ಕಡಿತವಾದ ನಂಬರನ್ನು 90 ದಿನ ಬೇರೆಯವರಿಗೆ ಕೊಡುವುದಿಲ್ಲ ಎಂದು ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ನಮ್ಮ ನಂಬರ್ ಕಡಿತವಾಗಿಯೇ ವರ್ಷಗಳಾಗಿವೆ. ಧೈರ್ಯ ಮಾಡಿ ಫೋನ್ ಹಚ್ಚಿದೆ. ಉತ್ತರ ಕರ್ನಾಟಕದ ಹಿರಿಯರೊಬ್ಬರು ಎತ್ತಿದರು.

"ಓ, ಆ ಮೆಸೇಜ್ ನಿಂದೇನವಾ? ದಿನಾ ಬರಾಕತ್ತಾವು. ಯಾರೋ ನನ್ನ ರೊಕ್ಕ ಹೊಡ್ಯಾಕ ನಿಂತಾರ ಅಂತ ಅಂಜಿದ್ದೆ."

ನಾನು ಅಜ್ಜಿಯ ವಿಷಯವನ್ನೆಲ್ಲ ಹೇಳಿದೆ. ಸಮಾಧಾನದಿಂದ ಕೇಳಿಸಿಕೊಂಡರು. ಕೊನೆಗೆ, "ಓಟಿಪಿ ಯಾರಿಗೂ ಹೇಳಬ್ಯಾಡ ಅಂತ ನನ್ನ ಮಗಳು ಹೇಳ್ಯಾಳ. ತಪ್ಪು ತಿಳ್ಕೋಬ್ಯಾಡವಾ" ಎಂದು ಇಟ್ಟರು.

ಆ ದಿನ ತುಂಬಾ ಸಿಟ್ಟು ಬಂದಿತ್ತು. ರಾತ್ರಿ ಯೋಚಿಸಿದಾಗ ನಾಚಿಕೆಯಾಯಿತು. ಇಂಥದ್ದೇ ಕಥೆ ಹೇಳಿ ಯಾರಾದರೂ ಉಮ್ಮನ ಬಳಿ ಓಟಿಪಿ ಕೇಳಿದರೆ ಕೊಡಬೇಡಿ ಎಂದು ಹೇಳುವವಳು ನಾನೇ. ಮೇಲಾಗಿ ಎರಡು ವಾರದಿಂದ ಆ ಮನುಷ್ಯನನ್ನು ಹೆದರಿಸುತ್ತಿದ್ದದ್ದೂ ನಾನೇ. ಮತ್ತೆ ಆ ಬಟನ್ ಒತ್ತಲಿಲ್ಲ.

ಹೊಸ ಖಾತೆಗೆ ನನ್ನದೇ ನಂಬರ್, ನಿಜವಾದ ಹುಟ್ಟಿದ ದಿನ ಹಾಕಿದ್ದೇನೆ. ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಉಮ್ಮನ ಕಪಾಟಿನಲ್ಲಿ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದೇನೆ. ಉಪ್ಪ ಅಥವಾ ಅಣ್ಣ ಗಲ್ಫಿನಲ್ಲಿರುವ ಗೆಳತಿಯರು ನಮ್ಮ ಕ್ಲಾಸಿನಲ್ಲೇ ಎಷ್ಟೋ ಮಂದಿ ಇದ್ದಾರೆ. ನಿಮ್ಮ ಖಾತೆಗೆ ಕೊಟ್ಟ ನಂಬರ್ ಇನ್ನೂ ನಿಮ್ಮ ಮನೆಯದ್ದೇ ಹೌದಾ ಎಂದು ಇವತ್ತೇ ನೋಡಿ.

ಕಾಗದ ಇಡಲು ಕಪಾಟು ತೆರೆದಾಗಲೇ ಉಪ್ಪನ ಹಳೆಯ ಫೋನು ಸಿಕ್ಕಿದ್ದು. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದಿತ್ತು. ಮೊಬೈಲ್ ಅಂಗಡಿಯವರು ಬೇರೆ ಬ್ಯಾಟರಿ ಹಾಕಿಕೊಟ್ಟರು. ಫೋನು ಆನ್ ಆಯಿತು, ಇಮೇಲ್ ಅಲ್ಲಿಯೂ ಪಾಸ್‌ವರ್ಡ್ ಕೇಳಿತು. ಸುಮ್ಮನೆ ರೆಕಾರ್ಡರ್ ತೆರೆದು ನೋಡಿದೆ. ಅಳಿಸದೆ ಉಳಿದ ಒಂದೇ ಒಂದು ಫೈಲ್, 38 ಸೆಕೆಂಡಿನದು. ಸಂದರ್ಶನಕ್ಕೆ ಮೊದಲು ಸರಿ ಬರುತ್ತದಾ ಎಂದು ಪರೀಕ್ಷಿಸಿದ್ದು.

ಅದರಲ್ಲಿ ಬೀಡಿಯ ಕಥೆಯಿಲ್ಲ. ಕತ್ತರಿಯ ಸದ್ದಿದೆ. "ಫೋನು ತಡ್ಪೆಯ ಮೇಲೆ ಇಡಬೇಡ, ಹೊಗೆಸೊಪ್ಪು ಮೆತ್ತಿಕೊಳ್ಳುತ್ತದೆ" ಎಂದು ಅಜ್ಜಿ ಬ್ಯಾರಿಯಲ್ಲಿ ಗದರಿಸುತ್ತಾರೆ. ಆಮೇಲೆ, "ಶುರುವಾಯ್ತಾ? ಈಗ ಹೇಳ್ಲಾ?" ಎಂದು ಕೇಳುತ್ತಾರೆ. ಉಮ್ಮ ಅದನ್ನು ಉಪ್ಪನಿಗೆ ಕಳುಹಿಸಿದರು. ಉಪ್ಪ ಮರುದಿನ ಬೆಳಿಗ್ಗೆ ಫೋನ್ ಮಾಡಿ, ಇನ್ನೊಂದು ಸಲ ಕಳುಹಿಸು, ಸರಿಯಾಗಿ ಕೇಳಿಸಲಿಲ್ಲ ಎಂದರು.