ಪುಕ್ಕಟೆಗೂ ಪತ್ರ ಬೇಕು

ಪಶ್ಚಿಮ ಬೆಂಗಳೂರಿನ ನಮಗೆ ದೇವರ ಮೇಲೆ ಎಷ್ಟು ನಂಬಿಕೆಯೋ ಪತ್ರಗಳ ಮೇಲೂ ಅಷ್ಟೇ. ರಾಜಾಜಿನಗರ, ವಿಜಯನಗರದ ಯಾವ ಮನೆಯ ಬೀರು ತೆಗೆದರೂ ಒಳಖಾನೆಯಲ್ಲಿ ಒಂದು ಫೈಲು: ಕ್ರಯಪತ್ರ, ಖಾತೆ, ಇಸಿ, ಕಂದಾಯದ ರಸೀದಿಗಳು. ಜಾತಕ ಕಳೆದರೆ ಮತ್ತೆ ಬರೆಸಬಹುದು. ಮೂಲಪತ್ರ ಕಳೆದರೆ ಯಜಮಾನರಿಗೆ ಅನ್ನ ಸೇರುವುದಿಲ್ಲ.

ಇಂಥ ಏರಿಯಾದಲ್ಲಿ ಬೆಳೆದ ನಾನು ಹಚ್ಚಿಕೊಂಡದ್ದು ಮುಕ್ತ ತಂತ್ರಾಂಶದ ಹುಚ್ಚು. ಯಾರಾದರೂ ಬಳಸಿ, ತಿದ್ದಿ, ಹಂಚಿ ಎನ್ನುವ ಲೋಕ. ಅಲ್ಲಾದರೂ ಪತ್ರದ ಕಾಟ ತಪ್ಪೀತು ಎಂದರೆ, ಅಲ್ಲಿನವರು ನಮ್ಮಪ್ಪನನ್ನೂ ಮೀರಿಸಿದವರು. ಲಿನಕ್ಸ್ ಆಧರಿಸಿದ ಡೆಬಿಯನ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಪ್ರತಿ ಪ್ಯಾಕೇಜಿನ ಜೊತೆಗೂ ‘ಕಾಪಿರೈಟ್’ ಎಂಬ ಕಡತ ಕಡ್ಡಾಯ. ನಮ್ಮ ಕನ್ನಡದ ಗುಬ್ಬಿ, ನವಿಲು ಫಾಂಟುಗಳೂ ಅದನ್ನು ಹೊತ್ತೇ ಒಳಗೆ ಹೋದವು. ಲಿನಕ್ಸ್‌ನಲ್ಲಿ ತನ್ನ ಸರಕು ಸೇರಿದೆ ಎಂದು 2003ರಲ್ಲಿ ಎಸ್‌ಸಿಒ ಕಂಪನಿ ಐಬಿಎಂ ಮೇಲೆ ದಾವೆ ಹೂಡಿತು. ಆ ಬಿಸಿಗೆ, 2004ರಿಂದ ಲಿನಕ್ಸಿನ ಪ್ರತಿ ತಿದ್ದುಪಡಿಯ ಕೆಳಗೂ ‘ಸೈನ್ಡ್ ಆಫ್ ಬೈ’ ಎಂಬ ಸಾಲು: ಇದು ನಾನೇ ಬರೆದದ್ದು, ಅಥವಾ ಕೊಡುವ ಹಕ್ಕು ನನಗುಂಟು ಎಂಬ ಮುಚ್ಚಳಿಕೆ. ಕಡತದ ನೆತ್ತಿಯ ಮೇಲೆ ಪರವಾನಗಿಯ ಹೆಸರು ಬರೆಯುವ ಎಸ್‌ಪಿಡಿಎಕ್ಸ್ ಪದ್ಧತಿ 2021ರಲ್ಲಿ ಐಎಸ್‌ಒ ಮಾನಕವೇ ಆಯಿತು. ‘ರೀಯೂಸ್’ ಎಂಬ ಉಪಕರಣವಂತೂ ಎರಡು ಸಾಲಿನ ಕಡತಕ್ಕೂ ವಾರಸುದಾರ ಯಾರು, ಪರವಾನಗಿ ಯಾವುದು ಎಂದು ಪಟ್ಟು ಹಿಡಿದು ಕೇಳುತ್ತದೆ.

‘ಕಾಸಿಲ್ಲ, ಕವಡೆಯಿಲ್ಲ, ಇದಕ್ಕೂ ಸಹಿನೇನೋ?’ ಎಂದರು ಅಮ್ಮ.

‘ನಮ್ಮದಲ್ಲದ್ದನ್ನ ದಾನ ಕೊಡಕ್ಕಾಗುತ್ತೇನಮ್ಮ?’

‘ಯಾಕಾಗಲ್ಲ? ನನ್ನ ತವರಿನ ಹಂಡೇನ ನಿಮ್ಮಪ್ಪ ಅವರ ತಂಗಿಗೆ ಕೊಡಲಿಲ್ವಾ?’

ಹಂಡೆಗೆ ಎಸ್‌ಪಿಡಿಎಕ್ಸ್ ಸಾಲು ಇರಲಿಲ್ಲ. ಅತ್ತೆಯ ಮನೆಯಲ್ಲಿ ಈಗಲೂ ನೀರು ಕಾಯುತ್ತಿದೆ, ಅಮ್ಮನ ಹೊಟ್ಟೆ ಉರಿಯುತ್ತಿದೆ.

ಹಕ್ಕುದಾರರು ಗೊತ್ತಿದ್ದರೆ ಕೊಡುವುದು ಸುಲಭ. ನಿರಂಜನರ ಪುಸ್ತಕಗಳನ್ನು ಅವರ ಮಗಳು ತೇಜಸ್ವಿನಿ ನಿರಂಜನ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹಾಗೆಯೇ ಕೊಟ್ಟಿತು. ಬರಹ ಇಲ್ಲದ ಕಡೆ ಕಾನೂನು ಕಾಯಿಸುತ್ತದೆ: ಲೇಖಕರು ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷ. 1975ರಲ್ಲಿ ಹೋದ ಡಿವಿಜಿಯವರ ಕೃತಿಗಳಿಗೆ ಬಿಡುಗಡೆ 2036ರಲ್ಲಿ.

ನನ್ನನ್ನು ಕಾಡುವುದು ಹೆಸರೇ ಇಲ್ಲದವರು. ಫ್ಲಾಪಿಯಲ್ಲಿ ಕನ್ನಡ ಅಕ್ಷರ ತುಂಬಿ ಸ್ನೇಹಿತರಿಗೆ ಹಂಚಿದವರು, ರಾತ್ರಿಯೆಲ್ಲ ಕೂತು ಒತ್ತಕ್ಷರ ಸರಿಮಾಡಿ ‘ನಂದೇನಿದೆ ಬಿಡಿ’ ಎಂದು ನಕ್ಕವರು. ಪ್ರೀತಿಯಿಂದ ಕೊಟ್ಟರು, ಬರೆದಿಡಲಿಲ್ಲ. ಪರವಾನಗಿ ಇಲ್ಲದ್ದು ಕಾನೂನಿನ ಕಣ್ಣಿಗೆ ಮುಟ್ಟಬಾರದ ವಸ್ತು. ಕೇಳೋಣವೆಂದರೆ ಅವರ ವಿಳಾಸವೂ ಇಲ್ಲ. ಅವರ ವಿನಯ ದೊಡ್ಡದು, ನಮಗೆ ಬಿಟ್ಟುಹೋದ ಫಜೀತಿಯೂ ಅಷ್ಟೇ ದೊಡ್ಡದು. ಇನ್ನು ಮುಂದೆ ಕೊಡುವ ಪುಣ್ಯಾತ್ಮರು ದಯವಿಟ್ಟು ಒಂದಿಷ್ಟು ಅಹಂಕಾರ ಬೆಳೆಸಿಕೊಳ್ಳಲಿ. ‘ಇದು ನಂದೇ’ ಎಂದು ಹೆಸರು, ಇಸವಿ ಹಾಕಿ, ಆಮೇಲೆ ಧಾರೆ ಎರೆಯಲಿ.