ಬಾದಾಮಿಯ ಬಂಡೆ ಮತ್ತು ಅರ್ಧ ಗೇಣಿನ ಉಕ್ಕು

ಬಾದಾಮಿಯನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿಯೇ ಇರುತ್ತೀರಿ. ಸೊಲ್ಲಾಪುರ, ವಿಜಯಪುರ, ಬಾಗಲಕೋಟೆ ದಾಟಿ ಗದಗಿನ ಕಡೆಗೆ ಹೋಗುವ ರೈಲಿನಲ್ಲಿ ಇಳಿದು, ಊರೊಳಗೆ ಬಂದು, ನಾಲ್ಕು ಗುಹೆಗಳನ್ನು ಹತ್ತಿ ಇಳಿದು, ಹದಿನೆಂಟು ಕೈಗಳ ನಟರಾಜನೆದುರು ಫೋಟೋ ತೆಗೆಸಿಕೊಂಡು, ಕೈಯಲ್ಲಿದ್ದ ಬಾಳೆಹಣ್ಣನ್ನು ಕೋತಿಗೆ ಒಪ್ಪಿಸಿ, ಸಂಜೆಗೆ ಬನಶಂಕರಿಯ ದರ್ಶನ ಮಾಡಿ ಹಿಂತಿರುಗಿರುತ್ತೀರಿ. ನಾನೂ ಎರಡು ಸಲ ಹಾಗೆಯೇ ಮಾಡಿದವಳು. ಅಗಸ್ತ್ಯ ತೀರ್ಥದ ಸುತ್ತಲಿನ ಕೆಂಪು ಬಂಡೆಗಳನ್ನು ದೇವಸ್ಥಾನಗಳ ಹಿಂದಿನ ಪರದೆಯೆಂದಷ್ಟೇ ನೋಡಿದ್ದೆ.

ಮೂರನೆಯ ಸಲ ಹೋದದ್ದು ಮಗಳ ಜೊತೆ. ಅವಳಿಗೆ ಗುಹೆ ಬೇಡ, ಗುಡಿ ಬೇಡ, ಬಂಡೆ ಬೇಕು. ಮುಂಬಯಿಯಲ್ಲಿ ಆಫೀಸು ಮುಗಿಸಿ ಕೃತಕ ಗೋಡೆ ಹತ್ತಿ ಅಭ್ಯಾಸ ಮಾಡುವ ಈ ಹುಡುಗ ಹುಡುಗಿಯರಿಗೆ ಬಾದಾಮಿ ಒಂದು ಕ್ಷೇತ್ರವಿದ್ದಂತೆ. ಚಳಿಗಾಲ ಬಂತೆಂದರೆ ದೇಶದ ನಾನಾ ಕಡೆಗಳಿಂದ, ಹೊರದೇಶಗಳಿಂದಲೂ ಬಂಡೆ ಹತ್ತುವವರು ಇಲ್ಲಿಗೆ ಬರುತ್ತಾರೆ. ಹಂಪಿಗೂ ಹೋಗುತ್ತಾರೆ, ಆದರೆ ಅಲ್ಲಿಯದು ಹೆಚ್ಚಾಗಿ ಗುಂಡುಗಳ ಮೇಲೆ ಹತ್ತುವ ಆಟ. ಕೆಳಗೆ ಹಾಸಿಗೆಯಂಥ ದಪ್ಪ ಮೆತ್ತೆ ಹಾಸಿದರೆ ಆಯಿತು. ಬಾದಾಮಿಯ ಗೋಡೆಗಳು ಎತ್ತರ. ಇಲ್ಲಿ ಹಗ್ಗ ಬೇಕು, ಹಗ್ಗ ಸಿಕ್ಕಿಸಲು ಬಂಡೆಯಲ್ಲಿ ಬೋಲ್ಟು ಬೇಕು.

ನಾನು ಕೆಳಗೆ ನೆರಳಿನಲ್ಲಿ ಚಾಪೆ ಹಾಸಿ ಕುಳಿತಿದ್ದೆ. ಆಡು ಮೇಯಿಸುವ ಅಜ್ಜ ಒಬ್ಬರು ಪಕ್ಕಕ್ಕೆ ಬಂದು ನಿಂತು ಬಹಳ ಹೊತ್ತು ಮೇಲೆ ನೋಡಿದರು. ಆಮೇಲೆ, "ಮ್ಯಾಲೆ ಹತ್ತಾಕಿ ನಿಮ್ಮ ಮಗಳೇನ್ರಿ ಅವ್ವಾರ? ಆ ಮೊಳಿ ತಡೀತೈತೇನ್ರಿ?" ಎಂದು ಕೇಳಿದರು.

ನನ್ನ ಹೊಟ್ಟೆಯೊಳಗಿದ್ದ ಪ್ರಶ್ನೆಯೂ ಅದೇ. ಚಿತ್ರದುರ್ಗದ ಜ್ಯೋತಿರಾಜ್ ಹಗ್ಗವಿಲ್ಲದೆ ಕೋಟೆಯ ಗೋಡೆ ಹತ್ತುವುದನ್ನು ನೀವು ನೋಡಿರಬಹುದು. ಅದು ಅವರ ಮಾತು. ನಮ್ಮ ಮನೆಯ ಮಕ್ಕಳು ಜೀವ ಒಪ್ಪಿಸುವುದು ಅರ್ಧ ಗೇಣುದ್ದದ ಉಕ್ಕಿನ ತುಂಡಿಗೆ. ಹತ್ತುವವಳು ಮೇಲೆ ಹೋಗುತ್ತಾ ಒಂದೊಂದೇ ಬೋಲ್ಟಿಗೆ ಹಗ್ಗ ಸಿಕ್ಕಿಸುತ್ತಾಳೆ. ಕೊನೆಯ ಬೋಲ್ಟಿನಿಂದ ಆರು ಅಡಿ ಮೇಲೆ ಹೋದಾಗ ಕೈಜಾರಿದರೆ ಬೀಳುವುದು ಆರು ಅಡಿಯಲ್ಲ, ಹನ್ನೆರಡು ಅಡಿ. ಹಗ್ಗ ಜಗ್ಗುವ ಲೆಕ್ಕ ಬೇರೆ. ಆಗ ಬೋಲ್ಟಿನ ಮೇಲೆ ಬೀಳುವ ಎಳೆತ ಅವಳ ತೂಕದ ಎಷ್ಟೋ ಪಟ್ಟು. ಆದ್ದರಿಂದಲೇ ಯುರೋಪಿನ ಇಎನ್ 959 ಎಂಬ ಮಾನದಂಡದಲ್ಲಿ, ಬಂಡೆಗೆ ಸಮನಾಗಿ ಕೆಳಕ್ಕೆ ಎಳೆದಾಗ ಬೋಲ್ಟು 25 ಕಿಲೋನ್ಯೂಟನ್ ತಡೆಯಬೇಕು ಎಂದಿದೆ. ಅಂದರೆ ಸುಮಾರು ಎರಡೂವರೆ ಟನ್. ನಮ್ಮ ಹಳೆಯ ಅಂಬಾಸಡರ್ ಕಾರು ಎರಡನ್ನು ಒಟ್ಟಿಗೆ ನೇತುಹಾಕಿದಷ್ಟು.

ಅಷ್ಟು ಶಕ್ತಿಯ ಬೋಲ್ಟು ಅಂಗಡಿಯಲ್ಲಿ ಸಿಗುತ್ತದೆ, ಅದೇನೂ ದೊಡ್ಡ ವಿಷಯವಲ್ಲ. ಹತ್ತು ವರ್ಷದ ಮೇಲೂ ಅದಕ್ಕೆ ಅಷ್ಟೇ ಶಕ್ತಿ ಇರುತ್ತದೆಯೇ? ಅಂದು ರಾತ್ರಿ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಮುಂದಿಟ್ಟುಕೊಂಡು ಮಗಳನ್ನೂ ಅವಳ ಗೆಳೆಯರನ್ನೂ ಇದನ್ನೇ ಕೇಳಿದೆ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನನಗೆ ಲೋಹಶಾಸ್ತ್ರ ತಿಳಿಯದು. ಆದರೆ ಅವರು ಹೇಳುತ್ತಾ ಹೋದಂತೆ, ಇದರಲ್ಲಿ ಮುಕ್ಕಾಲು ಪಾಲು ಅಡುಗೆಮನೆಯಲ್ಲಿ ಕಲಿತ ವಿದ್ಯೆಯೇ ಅಲ್ಲವೇ ಅನ್ನಿಸಿತು.

ಸತುವಿನ ಲೇಪ ಕೊಟ್ಟ ಸಾದಾ ಉಕ್ಕಿನ ಬೋಲ್ಟು ಅಗ್ಗ. ಹೊಸತಿರುವಾಗ ಫಳಫಳ ಹೊಳೆಯುತ್ತದೆ. ಮುಂಬಯಿಯಲ್ಲಿ ಕಿಟಕಿಯ ಗ್ರಿಲ್ಲಿಗೆ ವರ್ಷ ವರ್ಷ ಬಣ್ಣ ಬಳಿಸುವ ನಮಗೆ ಆ ಹೊಳಪಿನ ಬೆಲೆ ಗೊತ್ತು. ಗ್ರಿಲ್ಲಿನ ತುಕ್ಕಾದರೂ ಕಣ್ಣಿಗೆ ಕಾಣುತ್ತದೆ; ಬೋಲ್ಟಿನ ಮುಕ್ಕಾಲು ಭಾಗ ಬಂಡೆಯೊಳಗೆ, ಪಸೆ ಆರದ ತೂತಿನಲ್ಲಿರುತ್ತದೆ. ಹೊರಗಿನ ತಲೆಯಲ್ಲಿ ಒಂದಿಷ್ಟು ಕೆಂಪು ಕಂಡಾಗ ಒಳಗೆ ಎಷ್ಟು ತಿಂದಿದೆಯೋ ಹೇಳುವವರಿಲ್ಲ. ಉಳಿತಾಯಕ್ಕೆಂದು ಸಾದಾ ಬೋಲ್ಟಿಗೆ ಸ್ಟೇನ್‌ಲೆಸ್ ಪಟ್ಟಿ ಸೇರಿಸುವುದು ಇನ್ನೂ ಕೆಟ್ಟದ್ದು. ಕಬ್ಬಿಣದ ಪೈಪಿಗೆ ಹಿತ್ತಾಳೆ ನಲ್ಲಿ ಹಾಕಿದಾಗ ಜೋಡಣೆಯ ಜಾಗದಲ್ಲೇ ಮೊದಲು ತುಕ್ಕು ಹಿಡಿಯುವುದಿಲ್ಲವೇ? ಹಾಗೆ, ಎರಡು ಜಾತಿಯ ಲೋಹ ಒದ್ದೆಯಲ್ಲಿ ಕೂಡಿದರೆ ಬಡಪಾಯಿ ಲೋಹ ಬೇಗ ಸಾಯುತ್ತದೆ.

ಹಾಗಾದರೆ ಸ್ಟೇನ್‌ಲೆಸ್. ನಮ್ಮ ಪಾತ್ರೆಗಳ ತಳದಲ್ಲಿ 18/8 ಎಂದು ಅಚ್ಚೊತ್ತಿರುವುದನ್ನು ನೋಡಿದ್ದೀರಲ್ಲ, ಅದು ನೂರಕ್ಕೆ ಹದಿನೆಂಟು ಕ್ರೋಮಿಯಂ, ಎಂಟು ನಿಕಲ್ ಎಂಬ ಲೆಕ್ಕ. ಬೋಲ್ಟು ಮಾಡುವವರು ಅದನ್ನೇ 304 ಎನ್ನುತ್ತಾರೆ. ಇದಕ್ಕೆ ಮಾಲಿಬ್ಡಿನಂ ಎಂಬ ಇನ್ನೊಂದು ಲೋಹವನ್ನು ಎರಡು ಮೂರು ಪಾಲು ಸೇರಿಸಿ, ನಿಕಲ್ ಸ್ವಲ್ಪ ಹೆಚ್ಚಿಸಿದರೆ 316. ಯಾಕೆ ಈ ಉಪಚಾರ ಅಂದರೆ ಉಪ್ಪಿಗೆ. ಎಷ್ಟು ಒಳ್ಳೆಯ ಸ್ಟೀಲ್ ಡಬ್ಬಿಯಾದರೂ ನಮ್ಮ ಕರಾವಳಿಯ ಕಡೆಯ ಹೆಂಗಸರು ಅದರಲ್ಲಿ ಮಿಡಿ ಉಪ್ಪಿನಕಾಯಿ ಹಾಕಿಡುವುದಿಲ್ಲ, ಭರಣಿಯೇ ಬೇಕು. ಹಾಕಿದರೆ ತಳದಲ್ಲಿ ಸೂಜಿಮೊನೆಯಂಥ ಕಪ್ಪು ಚುಕ್ಕೆಗಳು ಏಳುತ್ತವೆ. ಬೋಲ್ಟನ್ನು ತಿನ್ನುವುದೂ ಇದೇ ಉಪ್ಪು.

ಥಾಯ್ಲೆಂಡಿನ ರೈಲೇ ಎಂಬಲ್ಲಿ ಸಮುದ್ರದ ಅಂಚಿನಲ್ಲಿ ಸುಣ್ಣದ ಕಲ್ಲಿನ ಗೋಡೆಗಳಿವೆ, ಜಗತ್ತಿನ ಹತ್ತುವವರೆಲ್ಲ ಹೋಗುವ ಜಾಗ. ಅಲ್ಲಿ ಸ್ಟೇನ್‌ಲೆಸ್ ಬೋಲ್ಟುಗಳು, 316 ಕೂಡ, ಕೆಲವೇ ವರ್ಷಗಳಲ್ಲಿ ಮುರಿದವು. ತುಕ್ಕು ಹಿಡಿದು ಸವೆದದ್ದಲ್ಲ. ನೋಡಲು ಚೆನ್ನಾಗಿಯೇ ಇದ್ದು ಒಳಗೆ ಕೂದಲೆಳೆಯ ಬಿರುಕು ಬಿಟ್ಟು ಪಟ್ಟನೆ ತುಂಡಾದದ್ದು. ಈಗ ಅಲ್ಲಿ ಟೈಟಾನಿಯಂ ಬೋಲ್ಟುಗಳನ್ನು ಅಂಟಿನಿಂದ ಕೂರಿಸುತ್ತಾರೆ. ಬಾದಾಮಿ ಸಮುದ್ರದಿಂದ ದೂರ, ಮಳೆಯೂ ಕಡಿಮೆ. ಇಲ್ಲಿಗೆ ಟೈಟಾನಿಯಂ ಬೇಕಿಲ್ಲ, ಒಳ್ಳೆಯ ಸ್ಟೇನ್‌ಲೆಸ್ ಬಹಳ ಕಾಲ ಬಾಳುತ್ತದೆ. ಕೊಂಕಣದ ಕಡೆ ಹಾಕುವವರು 316ಕ್ಕಿಂತ ಕೆಳಗೆ ಇಳಿಯಬಾರದು, ಕಡಲಂಚಿನಲ್ಲಾದರೆ ಅದನ್ನೂ ನಂಬಬಾರದು.

ಬಾದಾಮಿಯ ಕಷ್ಟ ಕಲ್ಲಿನದು. ಇದು ಮರಳುಗಲ್ಲು. ಚಾಲುಕ್ಯರ ಶಿಲ್ಪಿಗಳಿಗೆ ಉಳಿಯೇಟಿಗೆ ಒಲಿದದ್ದು ಅದಕ್ಕೇ. ಮೂರನೆಯ ಗುಹೆಯನ್ನು ಅವರು ಕ್ರಿ.ಶ. 578ರಲ್ಲಿ ಮುಗಿಸಿದರು. ಆದರೆ ಮರಳುಗಲ್ಲಿನಲ್ಲಿ ಹೊರಪದರ ಗಟ್ಟಿಯಾಗಿದ್ದು ಒಳಗೆ ಮೆತ್ತಗಿರುವುದುಂಟು. ಗೋಡೆಗೆ ಫೋಟೋ ತೂಗುಹಾಕಲು ಬಡಗಿ ರಾವಲ್ ಪ್ಲಗ್ ಹೊಡೆಯುತ್ತಾನಲ್ಲ, ಅದೇ ತತ್ವದಲ್ಲಿ ತಿರುಪು ಬಿಗಿದಂತೆ ಒಳಗೆ ಅರಳಿ ಕಚ್ಚುವ ಬೋಲ್ಟುಗಳಿವೆ. ಕರಿಗಲ್ಲಿನಲ್ಲಿ ಅವು ಸೊಗಸಾಗಿ ಕೂರುತ್ತವೆ. ಮೆತ್ತನೆಯ ಕಲ್ಲಿನಲ್ಲಿ ಆ ಒತ್ತಡಕ್ಕೆ ಕಲ್ಲೇ ಪುಡಿಯಾಗಿ ಬೋಲ್ಟು ಸಡಿಲವಾಗುತ್ತದೆ. ಅಲ್ಲಿ ಬೇಕಾದದ್ದು ಹೆಚ್ಚು ಉದ್ದದ, 12 ಮಿಲಿಮೀಟರ್ ದಪ್ಪದ ಬೋಲ್ಟು. ಅದಕ್ಕಿಂತ ಒಳ್ಳೆಯದು ಅಂಟಿನ ಬೋಲ್ಟು. ನಮ್ಮ ಮನೆಗಳಲ್ಲಿ ಸೋರುವ ಪೈಪಿಗೆ ಎಂ-ಸೀಲ್ ನಾದಿ ಹಚ್ಚುವ ಹಾಗೆ ಎರಡು ದ್ರವ್ಯ ಬೆರೆತು ಗಟ್ಟಿಯಾಗುವ ಅಂಟು. ಕಲ್ಲನ್ನು ಒತ್ತುವುದಿಲ್ಲ, ತೂತಿನ ಉದ್ದಕ್ಕೂ ಹಿಡಿದುಕೊಳ್ಳುತ್ತದೆ, ನೀರನ್ನೂ ಒಳಗೆ ಬಿಡುವುದಿಲ್ಲ.

ಇಲ್ಲಿಯೇ ನನ್ನ ಎದೆ ಡವಗುಟ್ಟಿದ್ದು. ಅಂಟು ಹಿಡಿಯಬೇಕಾದರೆ ತೂತಿನೊಳಗಿನ ಹುಡಿಯನ್ನೆಲ್ಲ ಊದಿ, ಬ್ರಷ್ ಆಡಿಸಿ, ಮತ್ತೆ ಊದಿ ತೆಗೆಯಬೇಕು. ಹಿಟ್ಟು ಉದುರಿಸಿದ ಲಟ್ಟಣಿಗೆಗೆ ಕಣಕ ಅಂಟುವುದೇ? ಹುಡಿ ಉಳಿದರೆ ಅಂಟು ಹುಡಿಯನ್ನು ಹಿಡಿಯುತ್ತದೆ, ಕಲ್ಲನ್ನಲ್ಲ. ಅಂಟಿನ ಅವಧಿ ಮುಗಿದಿರಬಾರದು, ಎರಡೂ ಸಮನಾಗಿ ಬೆರೆತಿರಬೇಕು, ಒಣಗುವ ತನಕ ಯಾರೂ ಮುಟ್ಟಬಾರದು. ಬಾದಾಮಿಯ ಬಿಸಿಲಿಗೆ ಅದು ಬೇಗ ಬಿಗಿಯುತ್ತದೆ, ಕೆಲಸ ಮಾಡುವವರಿಗೆ ಸಮಯ ಕಡಿಮೆ. ಇಷ್ಟೆಲ್ಲ ಆದ ಮೇಲೆ ಹೊರಗಿನಿಂದ ನೋಡಿದರೆ ಒಳ್ಳೆಯ ಕೆಲಸಕ್ಕೂ ಕಳ್ಳಕೆಲಸಕ್ಕೂ ವ್ಯತ್ಯಾಸ ಕಾಣಿಸುವುದಿಲ್ಲ. "ಅಂದರೆ, ಮುಖ ನೋಡದ ಯಾರೋ ಒಬ್ಬರು ಸೋಮಾರಿತನ ಮಾಡಲಿಲ್ಲವೆಂದು ನಂಬಿ ನೀನು ನೇತಾಡುವುದೋ?" ಎಂದೆ. "ರೈಲಿನಲ್ಲಿ ನೀನು ನಂಬಿ ಮಲಗಲಿಲ್ಲವೇ ಅಮ್ಮಾ?" ಎಂದಳು. ಉತ್ತರ ಸಿದ್ಧವಾಗಿಯೇ ಇರುತ್ತದೆ ಈ ಮಕ್ಕಳ ಬಳಿ.

ಆದರೂ ಕಣ್ಣುಮುಚ್ಚಿ ನಂಬುವವಳಲ್ಲ ಎಂಬುದನ್ನು ಮರುದಿನ ಕಂಡೆ. ಎರಡನೆಯ ಬೋಲ್ಟಿನ ಪಟ್ಟಿ ಬೆರಳಿಗೆ ಗರಗರ ತಿರುಗಿತು. ಮೇಲೆ ಹೋಗದೆ ಕೆಳಗೆ ಇಳಿದು ಬಂದಳು. ಆ ದಾರಿಯನ್ನು ಆ ದಿನ ಯಾರೂ ಹತ್ತಲಿಲ್ಲ. ನಟ್ಟು ಸಡಿಲವಾಗಿದ್ದರೆ ಬಿಗಿಯಬಹುದು, ಬೋಲ್ಟೇ ಅಲುಗಿದರೆ ತೆಗೆದು ಬೇರೆ ಹಾಕಬೇಕು ಎಂದರು. ಮಡಕೆ ಕೊಳ್ಳುವಾಗ ನಾವು ತಟ್ಟಿ ನೋಡುವಂತೆ ಇವರೂ ಸುತ್ತಲಿನ ಕಲ್ಲನ್ನು ತಟ್ಟಿ ಕೇಳುತ್ತಾರೆ. ಬೋಳು ಸದ್ದು ಬಂದರೆ ಅಲ್ಲಿ ತೂತು ಕೊರೆಯುವುದಿಲ್ಲ. ದಾರಿಯ ತುದಿಯಲ್ಲಿ ಒಂದಲ್ಲ, ಎರಡು ಬೋಲ್ಟು, ಅವಕ್ಕೆ ದಪ್ಪ ಉಂಗುರ. ಮರಳು ಮೆತ್ತಿದ ಹಗ್ಗ ಅರದಂತೆ ಉಜ್ಜಿ ಆ ಉಂಗುರವನ್ನು ಸವೆಸುವುದರಿಂದ, ಪದೇ ಪದೇ ಹತ್ತಿ ಇಳಿಯುವಾಗ ತಮ್ಮದೇ ಕೊಂಡಿ ಹಾಕಿಕೊಳ್ಳುವುದು ಮರ್ಯಾದೆ. ಮಳೆಯಾದ ಮೇಲೆ ಕಲ್ಲು ಒಣಗುವ ತನಕ ಹತ್ತುವಂತಿಲ್ಲ, ನೆನೆದ ಮರಳುಗಲ್ಲು ಬಲ ಕಳೆದುಕೊಳ್ಳುತ್ತದೆ.

ಇನ್ನೊಂದು ಮಾತು, ಇದು ನನ್ನದೇ. ತೂತು ಎಲ್ಲಿ ಕೊರೆಯಬಾರದು ಎಂಬುದೂ ಆಯ್ಕೆಯೇ. ಕೆರೆಯ ಆಚೆ ತಟ್ಟುಕೋಟಿಯ ಬಳಿ ಬಂಡೆಯ ಮೈಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ, ಕನ್ನಡದ ತ್ರಿಪದಿ ಮೊದಲು ಕಾಣಿಸುವ ಜಾಗ. ಮೇಲೆ ಬೆಟ್ಟದ ಬಂಡೆಯಲ್ಲಿ ಕ್ರಿ.ಶ. 543ರ ಮೊದಲನೆಯ ಪುಲಕೇಶಿಯ ಶಾಸನವಿದೆ. 1958ರ ಕಾಯಿದೆ, ಅದಕ್ಕೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ ವಲಯ. ಕಾಯಿದೆ ಇಲ್ಲದಿದ್ದರೂ ಅಲ್ಲಿ ಡ್ರಿಲ್ ಹಿಡಿಯುವ ಕೈಯನ್ನು ನಾನಂತೂ ಹಿಡಿದು ನಿಲ್ಲಿಸುತ್ತೇನೆ. ಮಗಳ ಗುಂಪಿನವರು ಆ ಕಡೆ ಸುಳಿಯಲಿಲ್ಲ. ಆದರೆ ಅವರಲ್ಲಿ ಶಾಸನ ನೋಡಿದವರು ಒಬ್ಬರೂ ಇರಲಿಲ್ಲ. ಕೊನೆಯ ದಿನ ಎಲ್ಲರನ್ನೂ ಎಬ್ಬಿಸಿ ಬೆಳಗಿನ ತಂಪಿನಲ್ಲೇ ಕರೆದುಕೊಂಡು ಹೋದೆ.

ನಿಮ್ಮ ಮಕ್ಕಳೂ ಹೊರಟಿದ್ದರೆ ನವೆಂಬರಿನಿಂದ ಫೆಬ್ರವರಿಯ ಒಳಗೆ ಕಳಿಸಿ. ಸಾಧ್ಯವಾದರೆ ಜೊತೆಗೆ ನೀವೂ ಹೋಗಿ. ಬುತ್ತಿಯನ್ನು ಜಿಪ್ ಇರುವ ಚೀಲದಲ್ಲಿಡಿ, ಕೋತಿಗಳಿಗೆ ಗಂಟು ಬಿಚ್ಚಲು ಬರುತ್ತದೆ.